ಪೆಟ್ಟಿಗೆಯೊಳಗಿನ ಆಂಪ್: ಗಿಟಾರಿನ ದನಿ ಕಾಫಿ ಸೀಮೆಗೆ ಬಂದ ದಾರಿ

ಪಶ್ಚಿಮ ಘಟ್ಟದ ಬೀಟೆ ಮರಕ್ಕೂ ಗಿಟಾರಿಗೂ ಹಳೆಯ ನಂಟು. ಬ್ರೆಜಿಲ್‌ನ ಬೀಟೆ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಯ ಕಡೆ ಹೊರಳಿತು. ಅಲ್ಲಿಂದೀಚೆಗೆ ಜಗತ್ತಿನ ಎಷ್ಟೋ ಗಿಟಾರುಗಳ ಬೆನ್ನು, ಪಕ್ಕೆ, ಫ್ರೆಟ್‌ಬೋರ್ಡ್‌ಗಳು ಈ ಮರದಲ್ಲೇ ಆಗಿವೆ. ಆಲ್ದೂರು, ಮೂಡಿಗೆರೆ, ಕಳಸದ ತೋಟಗಳಲ್ಲಿ ಕಾಫಿಗೆ ನೆರಳಾಗಿ ನಿಂತ ಬೀಟೆಯೂ ಅದೇ ಜಾತಿಯದು. ಮರವೇನೋ ಘಟ್ಟದಿಂದ ಹೊರಗೆ ಹೋಯಿತು. ಆದರೆ ಎಲೆಕ್ಟ್ರಿಕ್ ಗಿಟಾರಿಗೆ ದನಿ ಕೊಡುವ ಒಳ್ಳೆಯ ಆಂಪ್ ಮಾತ್ರ ಬಹುಕಾಲ ಈ ಕಡೆ ಬರಲಿಲ್ಲ. ಬಂದದ್ದು ಅದರ ನಂತರದ ತಲೆಮಾರು: ಆಂಪನ್ನೂ ಎಫೆಕ್ಟ್‌ಗಳನ್ನೂ ಒಂದೇ ಡಬ್ಬಿಯಲ್ಲಿ ಅಡಗಿಸಿಟ್ಟ ಮಲ್ಟಿ ಎಫೆಕ್ಟ್ಸ್ ಪೆಡಲ್. ಈ ಡಬ್ಬಿ ಹೇಗೆ ರೂಪುಗೊಂಡಿತು, ಒಳಗೆ ಏನು ಮಾಡುತ್ತದೆ, ನಮ್ಮ ವೇದಿಕೆಗಳಲ್ಲಿ ಅದರಿಂದ ಒಳ್ಳೆಯ ಟೋನ್ ತೆಗೆಯುವುದು ಹೇಗೆ ಎಂಬುದರ ಸಮೀಕ್ಷೆ ಇದು.

ವಾಲ್ವ್‌ಗಳ ಕಾಲ

1930ರ ದಶಕದ ಆರಂಭದಲ್ಲಿ ರಿಕೆನ್‌ಬ್ಯಾಕರ್ ಕಂಪನಿ ಅಯಸ್ಕಾಂತದ ಪಿಕಪ್ ಇರುವ ಗಿಟಾರನ್ನು ಮಾರುಕಟ್ಟೆಗೆ ತಂದಾಗ ಉದ್ದೇಶ ಒಂದೇ: ದನಿ ಜೋರಾಗಬೇಕು. ದನಿ ಒಡೆಯುವುದು ಆಗ ದೋಷ. ಆ ದೋಷವನ್ನೇ ಗುಣ ಮಾಡಿಕೊಂಡದ್ದು ಗಿಟಾರ್ ವಾದಕರು. 1958ರ ‘ರಂಬಲ್’ಗಾಗಿ ಲಿಂಕ್ ರೇ ಸ್ಪೀಕರಿನ ಕಾಗದದ ಕೋನಿಗೆ ತೂತು ಕೊರೆದ. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ತನ್ನ ಆಂಪಿನ ಕೋನನ್ನು ಬ್ಲೇಡಿನಿಂದ ಸೀಳಿದ. ಲಂಡನ್ನಿನಲ್ಲಿ ಡ್ರಮ್ ಅಂಗಡಿ ನಡೆಸುತ್ತಿದ್ದ ಜಿಮ್ ಮಾರ್ಷಲ್ 1960ರ ದಶಕದ ಆರಂಭದಲ್ಲಿ ಫೆಂಡರ್ ಬಾಸ್‌ಮನ್ ಆಂಪಿನ ಸರ್ಕ್ಯೂಟನ್ನು ಆಧಾರವಾಗಿಟ್ಟುಕೊಂಡು ಜೆಟಿಎಂ45 ತಯಾರಿಸಿದ. ಫೆಂಡರಿನ ತಿಳಿಯಾದ ದನಿ, ವಾಕ್ಸ್ ಎಸಿ30ರ ಮಿನುಗು, ಮಾರ್ಷಲ್‌ನ ಗರ್ಜನೆ: ಇಂದಿನ ಯಾವ ಪೆಡಲಿನ ಆಂಪ್ ಪಟ್ಟಿ ತೆರೆದರೂ ಮೊದಲು ಕಾಣುವುದು ಈ ಮೂರು ಮನೆತನಗಳೇ.

ಈ ಆಂಪ್‌ಗಳೆಲ್ಲ ವಾಲ್ವ್, ಅಂದರೆ ನಿರ್ವಾತ ಕೊಳವೆ, ಬಳಸಿ ದನಿ ಹಿಗ್ಗಿಸುವಂಥವು. ವಾಲ್ವ್ ಆಂಪ್ ಕಿವಿಗೆ ಹಿತವಾಗುವುದಕ್ಕೆ ಕಾರಣವಿದೆ. ವಾಲ್ವ್ ತನ್ನ ಮಿತಿ ಮೀರಿ ದುಡಿಯುವಾಗ ತರಂಗದ ನೆತ್ತಿ ಒಮ್ಮೆಲೇ ಕತ್ತರಿಸಿಹೋಗುವುದಿಲ್ಲ, ದುಂಡಗೆ ಬಾಗುತ್ತದೆ. ಮೂಲ ಸ್ವರದ ಜೊತೆಗೆ ಹೊಸ ಹಾರ್ಮೋನಿಕ್‌ಗಳು ಹುಟ್ಟುತ್ತವೆ. ಮೆಲ್ಲಗೆ ಮೀಟಿದರೆ ತಿಳಿ, ಜೋರಾಗಿ ಮೀಟಿದರೆ ಒರಟು. ವಾದಕನ ಬೆರಳಿಗೆ ಆಂಪ್ ಹೀಗೆ ಓಗೊಡುತ್ತದೆ. ಆದರೆ ಈ ಗುಣ ಹೊರಬರಬೇಕಾದರೆ ವಾಲ್ಯೂಮ್ ಏರಿಸಲೇಬೇಕು. ಭಾರವೂ ಹೆಚ್ಚು, ಬೆಲೆಯೂ ಹೆಚ್ಚು.

ಕಾಲಡಿಯ ಡಬ್ಬಿಗಳು

ಮುಂದಿನ ಹೆಜ್ಜೆ ದನಿಯ ಬದಲಾವಣೆಯನ್ನು ಆಂಪಿನಿಂದ ಬಿಡಿಸಿ ಪ್ರತ್ಯೇಕ ಡಬ್ಬಿಗಳಿಗೆ ಹಂಚಿದ್ದು. 1962ರಲ್ಲಿ ಬಂದ ಮೇಸ್ಟ್ರೋ ಫಜ್‌ಟೋನ್ 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ‘ಸ್ಯಾಟಿಸ್‌ಫ್ಯಾಕ್ಷನ್’ ಮೂಲಕ ಮನೆಮಾತಾಯಿತು. ಜಪಾನಿನ ರೋಲಂಡ್ ಕಂಪನಿಯ ಬಾಸ್ ವಿಭಾಗ 1977ರಲ್ಲಿ ಓಡಿ–1 ಓವರ್‌ಡ್ರೈವ್, ಮರುವರ್ಷ ಡಿಎಸ್–1 ಡಿಸ್ಟಾರ್ಷನ್ ತಂದಿತು. ಕಿತ್ತಳೆ ಬಣ್ಣದ ಡಿಎಸ್–1 ಇಂದಿಗೂ ಮಾರಾಟವಾಗುತ್ತಿದೆ.

ಡಬ್ಬಿಗಳ ಸಂಖ್ಯೆ ಹೆಚ್ಚಿದಂತೆ ತಂತಿ, ಅಡಾಪ್ಟರ್, ಗುಂಯ್‌ಗುಡುವ ಸದ್ದು ಎಲ್ಲವೂ ಹೆಚ್ಚಿದವು. ಹಾಗಾಗಿ ಅವನ್ನೆಲ್ಲ ಒಂದೇ ಹಲಗೆಗೆ ಸೇರಿಸುವ ಯೋಚನೆ ಬಂತು. 1988ರ ಬಾಸ್ ಎಂಇ–5 ಆ ದಾರಿಯ ಮುಖ್ಯ ಮೈಲಿಗಲ್ಲು. 1990ರಲ್ಲಿ ಜೂಮ್ ಕಂಪನಿಯ 9002 ಗಿಟಾರಿನ ಪಟ್ಟಿಗೇ ಸಿಕ್ಕಿಸಿಕೊಳ್ಳುವಷ್ಟು ಚಿಕ್ಕದಾಯಿತು. ಇವುಗಳಲ್ಲಿ ಎಫೆಕ್ಟ್‌ಗಳೇನೋ ಇದ್ದವು. ಆದರೆ ಡಿಸ್ಟಾರ್ಷನ್ನನ್ನು ನೇರ ಮಿಕ್ಸರಿಗೆ ಕೊಟ್ಟರೆ ಜೇನುನೊಣ ಗುಂಯ್‌ಗುಟ್ಟಿದಂತೆ ಕೇಳುತ್ತಿತ್ತು. ಹನ್ನೆರಡು ಇಂಚಿನ ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್‌ಗಿಂತ ಮೇಲಿನ ಕಿರುಚನ್ನು ತಾನೇ ತಡೆಯುತ್ತದೆ. ಮಿಕ್ಸರಿನ ಆಚೆಗಿನ ಸ್ಪೀಕರುಗಳು ತಡೆಯುವುದಿಲ್ಲ. ಗಿಟಾರಿನ ಟೋನಿನಲ್ಲಿ ಸ್ಪೀಕರಿಗೂ ಅದರ ಮುಂದಿನ ಮೈಕಿಗೂ ಆಂಪಿನಷ್ಟೇ ಪಾಲಿದೆ ಎಂಬುದು ಇಲ್ಲಿ ಎಲ್ಲರಿಗೂ ಮನದಟ್ಟಾಯಿತು. ಆಂಡ್ರ್ಯೂ ಬಾರ್ಟಾ 1989ರಲ್ಲಿ ತಂದ ಸಾನ್ಸ್‌ಆಂಪ್ ಎಂಬ ಡಬ್ಬಿ ಅನಲಾಗ್ ಸರ್ಕ್ಯೂಟಿನಲ್ಲೇ ಆಂಪ್, ಸ್ಪೀಕರ್, ಮೈಕ್ ಮೂರನ್ನೂ ಅನುಕರಿಸಿ ಈ ಕೊರತೆಯನ್ನು ತುಂಬಲು ಹೊರಟಿತ್ತು.

ಸರ್ಕ್ಯೂಟು ಲೆಕ್ಕವಾದಾಗ

ನಿಜವಾದ ತಿರುವು 1990ರ ದಶಕದ ನಡುವಿನದು. 1995ರಲ್ಲಿ ರೋಲಂಡ್ ವಿಜಿ–8 ಗಣಿತದ ಮಾದರಿಯಿಂದ ಗಿಟಾರನ್ನೂ ಆಂಪನ್ನೂ ಅನುಕರಿಸಿತು. ಕ್ಯಾಲಿಫೋರ್ನಿಯಾದ ಲೈನ್ 6 ಕಂಪನಿ 1998ರಲ್ಲಿ ಪಾಡ್ ಎಂಬ ಕೆಂಪು ಡಬ್ಬಿ ತಂದಾಗ ಈ ತಂತ್ರ ಸಾಮಾನ್ಯರ ಮೇಜಿಗೆ ಬಂತು. ತಂತಿಯ ಸಂಕೇತವನ್ನು ಸೆಕೆಂಡಿಗೆ 44,100 ಅಥವಾ 48,000 ಬಾರಿ ಅಳೆದು, ಪ್ರತಿ ಅಳತೆಯನ್ನೂ ಆಂಪಿನ ಒಂದೊಂದು ಹಂತದ ಸಮೀಕರಣದ ಮೂಲಕ ಹಾಯಿಸಿ, ಮತ್ತೆ ಸದ್ದಾಗಿಸುವುದು ಇದರ ಕೆಲಸ. ಇದಕ್ಕೆ ತಗಲುವ ಹೊತ್ತು ಕೆಲವೇ ಮಿಲಿಸೆಕೆಂಡು. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುವುದರಿಂದ 3 ಮಿಲಿಸೆಕೆಂಡಿನ ವಿಳಂಬವೆಂದರೆ ಆಂಪಿನಿಂದ ಒಂದು ಮೀಟರ್ ದೂರ ನಿಂತು ಕೇಳಿದ ಹಾಗೆ ಅಷ್ಟೆ.

2006ರಲ್ಲಿ ಫ್ರ್ಯಾಕ್ಟಲ್ ಆಡಿಯೋ ಕಂಪನಿಯ ಆಕ್ಸ್ ಎಫ್‌ಎಕ್ಸ್ ಯಂತ್ರ ಈ ಲೆಕ್ಕವನ್ನು ಇನ್ನಷ್ಟು ಸೂಕ್ಷ್ಮಗೊಳಿಸಿತು. ಇದೇ ಕಾಲದಲ್ಲಿ ಇಂಪಲ್ಸ್ ರೆಸ್ಪಾನ್ಸ್ ಎಂಬ ಉಪಾಯವೂ ಬಳಕೆಗೆ ಬಂತು. ಒಂದು ಸ್ಪೀಕರ್ ಪೆಟ್ಟಿಗೆಗೆ ಪರೀಕ್ಷಾ ಸಂಕೇತ ಕೊಟ್ಟು, ಮೈಕಿನಲ್ಲಿ ಹಿಡಿದು, ಆ ಪೆಟ್ಟಿಗೆಯ ಗುಣವನ್ನು ಪುಟ್ಟ ಫೈಲಾಗಿ ಇಳಿಸುವುದು ಈ ಕ್ರಮ. 48 ಕಿಲೋಹರ್ಟ್ಸ್‌ನಲ್ಲಿ 2048 ಬಿಂದುಗಳ ಫೈಲು ಎಂದರೆ ಬರೀ 43 ಮಿಲಿಸೆಕೆಂಡಿನ ಸದ್ದು. ಅದನ್ನು ಬದಲಿಸಿದರೆ ಇಡೀ ಟೋನೇ ಬದಲಾಗುತ್ತದೆ. ಆಂಪಿನ ಹೆಸರನ್ನು ಹತ್ತು ಸಲ ಬದಲಿಸುವುದಕ್ಕಿಂತ ಸ್ಪೀಕರ್ ಪೆಟ್ಟಿಗೆಯನ್ನು ಒಮ್ಮೆ ಬದಲಿಸಿ ನೋಡುವುದರಿಂದ ಹೆಚ್ಚು ಲಾಭ.

2013ರ ಡಿಸೆಂಬರಿನಲ್ಲಿ ಮೆಟಾಲಿಕಾ ತಂಡ ಅಂಟಾರ್ಕ್ಟಿಕಾದ ಕಾರ್ಲಿನಿ ನೆಲೆಯಲ್ಲಿ ನುಡಿಸಿದಾಗ ಪರಿಸರದ ಕಾರಣಕ್ಕೆ ಧ್ವನಿವರ್ಧಕಗಳೇ ಇರಲಿಲ್ಲ. ಕೇಳುಗರು ಹೆಡ್‌ಫೋನಿನಲ್ಲಿ ಕೇಳಿದರು, ಗಿಟಾರಿನ ದನಿ ಬಂದದ್ದು ಫ್ರ್ಯಾಕ್ಟಲ್ ಯಂತ್ರದಿಂದ. ಗೋಡೆಯಂತೆ ಆಂಪ್ ಜೋಡಿಸಿಕೊಳ್ಳುವ ಹೆವಿ ಮೆಟಲ್ ಲೋಕವೂ ಈ ತಂತ್ರವನ್ನು ಒಪ್ಪಿತು ಎಂಬುದಕ್ಕೆ ಇದು ಸಾಕ್ಷಿ.

ಲೆಕ್ಕದಿಂದ ಕಲಿಕೆಗೆ

ಜರ್ಮನಿಯ ಕ್ರಿಸ್ಟಾಫ್ ಕೆಂಪರ್ 2011ರಲ್ಲಿ ಬೇರೆ ದಾರಿ ಹಿಡಿದ. ಸರ್ಕ್ಯೂಟನ್ನು ಬಿಡಿಬಿಡಿಯಾಗಿ ಲೆಕ್ಕ ಹಾಕುವ ಬದಲು, ಎದುರಿಗಿರುವ ಆಂಪಿಗೆ ಪರೀಕ್ಷಾ ಸದ್ದು ಕೊಟ್ಟು ಅದರ ಪ್ರತಿಕ್ರಿಯೆಯನ್ನೇ ದಾಖಲಿಸುವ ಪ್ರೊಫೈಲರ್ ತಯಾರಿಸಿದ. ಫಿನ್‌ಲೆಂಡಿನ ನ್ಯೂರಲ್ ಡಿಎಸ್‌ಪಿ ಕಂಪನಿಯ ಕ್ವಾಡ್ ಕಾರ್ಟೆಕ್ಸ್ 2021ರಲ್ಲಿ ಇದೇ ಕೆಲಸಕ್ಕೆ ನರಜಾಲ ಕಲಿಕೆಯನ್ನು ತಂದಿತು. ಸ್ಟೀವನ್ ಆಟ್ಕಿನ್ಸನ್ ರೂಪಿಸಿದ ನ್ಯೂರಲ್ ಆಂಪ್ ಮಾಡೆಲರ್ ಮುಕ್ತ ತಂತ್ರಾಂಶ. ಸುಮಾರು ಮೂರು ನಿಮಿಷದ ಪರೀಕ್ಷಾ ಧ್ವನಿಯನ್ನು ಆಂಪಿನ ಮೂಲಕ ಹಾಯಿಸಿದರೆ ಸಾಕು, ಅದು ಆ ಆಂಪಿನ ನಡೆಯನ್ನು ಕಲಿಯುತ್ತದೆ. ಒಂದು ಮಿತಿಯಿದೆ: ಹೀಗೆ ಹಿಡಿದದ್ದು ಆಂಪಿನ ನಾಬ್‌ಗಳು ಆ ಗಳಿಗೆಯಲ್ಲಿ ಇದ್ದ ಒಂದು ಸ್ಥಿತಿಯನ್ನು ಮಾತ್ರ. ನಾಬ್ ತಿರುಗಿಸಿದಾಗ ಮೂಲ ಆಂಪ್ ಹೇಗೆ ಬದಲಾಗುತ್ತದೋ ಹಾಗೆ ಬದಲಾಗಲು ಹಳೆಯ ಸಮೀಕರಣದ ಮಾದರಿಯೇ ಮೇಲು.

ಕರ್ನಾಟಕದ ವೇದಿಕೆಯಲ್ಲಿ

1991ರ ಉದಾರೀಕರಣಕ್ಕೆ ಮುಂಚೆ ವಿದೇಶಿ ಆಂಪ್ ತರಿಸುವುದು ಹೆಚ್ಚಿನವರಿಗೆ ಕನಸಿನ ಮಾತು. ಊರ ವೇದಿಕೆಯ ಗಿಟಾರ್ ಸಾರ್ವಜನಿಕ ಭಾಷಣದ ಅಹುಜಾ ಆಂಪ್ಲಿಫೈಯರನ್ನೇ ಹಂಚಿಕೊಳ್ಳಬೇಕಿತ್ತು. ಬೆಂಗಳೂರಿನಲ್ಲಿ ಮಾತ್ರ ರಾಕ್ ಸಂಸ್ಕೃತಿ ಬೇರು ಬಿಟ್ಟಿತು. 1996ರಲ್ಲಿ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡದ ಬ್ರೂಸ್ ಲೀ ಮಣಿ ಗಿಟಾರಿನ ದನಿಗೆ ನಗರದ ಗುರುತನ್ನೇ ಕೊಟ್ಟರು. 1998ರಲ್ಲಿ ಕ್ರಿಪ್ಟೋಸ್ ಹೆವಿ ಮೆಟಲ್ ಹಿಡಿಯಿತು, 2003ರಲ್ಲಿ ಅಗಮ್ ಕರ್ನಾಟಕ ಸಂಗೀತವನ್ನು ಡಿಸ್ಟಾರ್ಷನ್ ಗಿಟಾರಿನ ಜೊತೆ ಕೂಡಿಸಿತು. ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ನುಡಿಸಿದಾಗ ಸೇರಿದ ಯುವಜನರಲ್ಲಿ ಎಷ್ಟೋ ಮಂದಿ ಜಿಲ್ಲೆಗಳಿಂದ ಬಸ್ಸು ಹತ್ತಿ ಹೋದವರು.

ರಾಗ ನುಡಿಸುವವರಿಗೆ ಈ ತಂತ್ರದಿಂದ ವಿಶೇಷ ಉಪಕಾರವಾಗಿದೆ. ಗಮಕ ಮುಗಿಯುವ ಮೊದಲೇ ಸ್ವರ ಸಾಯಬಾರದು. ಮ್ಯಾಂಡೊಲಿನ್ ಶ್ರೀನಿವಾಸ್ ತಮ್ಮ ವಾದ್ಯಕ್ಕೆ ವಿದ್ಯುತ್ ಹಾಯಿಸಿದ್ದರಿಂದ ಸ್ವರವನ್ನು ಹಿಡಿದಿಡಲು ಅನುಕೂಲವಾಯಿತು. ಪೆಡಲಿನಲ್ಲಿ ಹದವಾದ ಕಂಪ್ರೆಸರ್, ಕಡಿಮೆ ಡ್ರೈವ್ ಅದೇ ಕೆಲಸ ಮಾಡುತ್ತವೆ.

ಕಾಫಿ ಸೀಮೆಯಲ್ಲಿ ಗಿಟಾರ್ ಕೇಳುವುದು ಗಣೇಶೋತ್ಸವದ, ರಾಜ್ಯೋತ್ಸವದ ರಸಮಂಜರಿಯಲ್ಲಿ, ಚರ್ಚಿನ ಗಾಯನ ವೃಂದದಲ್ಲಿ, ಕಾಲೇಜು ಡೇಯಲ್ಲಿ. ಇಲ್ಲಿ ಯಾರೂ ಆಂಪ್ ಹೊತ್ತು ತರುವುದಿಲ್ಲ. ಪೆಡಲಿನಿಂದ ನೇರ ಮಿಕ್ಸರಿಗೆ ತಂತಿ. ಒಂದೇ ಸಂಜೆ ರಾಜನ್–ನಾಗೇಂದ್ರರ ಮೆಲುಹಾಡು, ಹಂಸಲೇಖರ ‘ಪ್ರೇಮಲೋಕ’, ಗುರುಕಿರಣ್ ಅವರ ‘ಉಪೇಂದ್ರ’ದ ಅಬ್ಬರ ಎಲ್ಲವೂ ಬೇಕು. ಕಾಲಲ್ಲಿ ಒತ್ತಿ ಪ್ಯಾಚ್ (ಮೊದಲೇ ಹೊಂದಿಸಿ ಉಳಿಸಿಟ್ಟ ಟೋನ್) ಬದಲಿಸುವ ಪೆಡಲ್ ಇಲ್ಲದೆ ಒಬ್ಬ ವಾದಕನಿಂದ ಇದು ಆಗದು. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವ ಆಲ್ದೂರಿನಂಥ ಊರಿಗೆ ಬಾಸ್ ಜಿಟಿ–1, ಜೂಮ್ ಜಿ1 ಫೋರ್‌ನಂಥ ಪೆಡಲುಗಳು ನಾಲ್ಕು ಎಎ ಸೆಲ್‌ಗಳಲ್ಲಿ ನಡೆಯುವುದೂ ಸಣ್ಣ ಸಂಗತಿಯಲ್ಲ. ಹೆಡ್‌ಫೋನ್ ಸಿಕ್ಕಿಸಿ ಕತ್ತಲಲ್ಲೂ ಅಭ್ಯಾಸ ಮಾಡಬಹುದು.

ಒಂದು ಟೋನ್ ಕಟ್ಟುವ ಬಗೆ

ಕಂಪನಿ ತುಂಬಿಕೊಟ್ಟ ಪ್ರೀಸೆಟ್‌ಗಳನ್ನು ಮಾಡಿರುವುದು ಅಂಗಡಿಯಲ್ಲಿ ಒಂಟಿಯಾಗಿ ಕೇಳಿದಾಗ ಬೆರಗಾಗಲೆಂದು. ಗೇನ್ ಹೆಚ್ಚು, ರಿವರ್ಬ್ ಹೆಚ್ಚು, ಮಿಡ್ ಕಡಿಮೆ. ಕೀಬೋರ್ಡ್, ರಿದಂ ಪ್ಯಾಡ್, ಹಾಡುಗಾರರ ನಡುವೆ ಆ ಟೋನ್ ಮುಳುಗಿಹೋಗುತ್ತದೆ. ಆದ್ದರಿಂದ ಖಾಲಿ ಪ್ಯಾಚಿನಿಂದ ಶುರು ಮಾಡುವುದು ಮೇಲು. ಸರಣಿ ಹೀಗಿರಲಿ: ನಾಯ್ಸ್ ಗೇಟ್, ಕಂಪ್ರೆಸರ್, ಓವರ್‌ಡ್ರೈವ್, ಆಂಪ್, ಸ್ಪೀಕರ್ ಪೆಟ್ಟಿಗೆ, ಇಕ್ಯೂ, ಡಿಲೇ, ಕೊನೆಗೆ ರಿವರ್ಬ್.

ಲೀಡ್ ನುಡಿಸಲು ಮಾರ್ಷಲ್ ಜಾತಿಯ ಆಂಪ್ ಆರಿಸಿ, ಗೇನನ್ನು ಮನಸ್ಸು ಹೇಳುವುದಕ್ಕಿಂತ ಕೆಳಗಿಡಿ, ಮಿಡ್ ಅನ್ನು ಮೇಲಕ್ಕೆತ್ತಿ. ಗಿಟಾರಿನ ಅತಿ ತಗ್ಗಿನ ತಂತಿಯೇ 82 ಹರ್ಟ್ಸ್. ಅದಕ್ಕಿಂತ ಕೆಳಗಿರುವುದು ಬರೀ ಗುಡುಗು. ಇಕ್ಯೂನಲ್ಲಿ 80ರಿಂದ 100 ಹರ್ಟ್ಸ್‌ಗಿಂತ ಕೆಳಗಿನದನ್ನೂ 6–7 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನೂ ಕತ್ತರಿಸಿ. ಡಿಲೇಯನ್ನು ಹಾಡಿನ ಲಯಕ್ಕೆ ಕೂಡಿಸಿ: 60,000ವನ್ನು ನಿಮಿಷದ ಬೀಟುಗಳಿಂದ ಭಾಗಿಸಿದರೆ ಒಂದು ಬೀಟಿನ ಮಿಲಿಸೆಕೆಂಡು ಸಿಗುತ್ತದೆ. 120 ಬೀಟಿನ ಹಾಡಿಗೆ 500; ಅದರ ಮುಕ್ಕಾಲು 375 ಇಟ್ಟರೆ ಸ್ವರಗಳು ಒಂದರ ಮೇಲೊಂದು ಬೀಳದೆ ಕುಣಿಯುತ್ತವೆ. ಕೊನೆಗೆ ಎಲ್ಲ ಪ್ಯಾಚುಗಳ ವಾಲ್ಯೂಮನ್ನು ಸಮ ಮಾಡಿ, ಲೀಡಿಗೆ ಮಾತ್ರ ಸ್ವಲ್ಪ ಏರಿಸಿ. ಪೆಡಲನ್ನು ಗಿಟಾರ್ ಆಂಪಿಗೆ ಸಿಕ್ಕಿಸುವುದಾದರೆ ಸ್ಪೀಕರ್ ಅನುಕರಣೆಯನ್ನು ಆಫ್ ಮಾಡಿ. ಮಿಕ್ಸರಿಗಾದರೆ ಅದು ಇರಲೇಬೇಕು.

ಮುಖ್ಯ ಮಾತು ವಾಲ್ಯೂಮಿನದು. ಸದ್ದು ಸಣ್ಣದಿದ್ದಾಗ ನಮ್ಮ ಕಿವಿಗೆ ತಗ್ಗಿನ ಮತ್ತು ಅತಿ ಎತ್ತರದ ಸ್ವರಗಳು ಕಡಿಮೆ ಕೇಳುತ್ತವೆ ಎಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿಕೊಟ್ಟರು. ರಾತ್ರಿ ಮನೆಯಲ್ಲಿ ಮೆಲ್ಲಗೆ ಕೇಳುತ್ತ ಕಟ್ಟಿದ ಟೋನಿಗೆ ನಾವು ಬಾಸ್, ಟ್ರೆಬಲ್ ಎರಡನ್ನೂ ಅರಿವಿಲ್ಲದೆ ಹೆಚ್ಚಿಸಿರುತ್ತೇವೆ. ಅದೇ ಟೋನ್ ಪೆಂಡಾಲಿನಲ್ಲಿ ಗುಡುಗುತ್ತದೆ, ಕಿವಿ ಚುಚ್ಚುತ್ತದೆ. ಪೆಡಲಿನ ದೋಷವೆಂದು ಬೈಸಿಕೊಳ್ಳುವ ಎಷ್ಟೋ ಟೋನ್‌ಗಳ ನಿಜವಾದ ಸಮಸ್ಯೆ ಇದು.

ಇಷ್ಟರ ಮೇಲೆ

ಲಿಂಕ್ ರೇ ಸ್ಪೀಕರ್ ಕೊರೆದ ಕಾಲದಿಂದ ನರಜಾಲದವರೆಗಿನ ದಾರಿಯಲ್ಲಿ ಒಳ್ಳೆಯ ದನಿಯ ಬೆಲೆ ಇಳಿಯುತ್ತಲೇ ಬಂದಿದೆ. ಬೆಂಗಳೂರಿನ ವಾದಕನಿಗೂ ಆಲ್ದೂರಿನ ವಾದಕನಿಗೂ ಇದ್ದ ಸಲಕರಣೆಯ ಅಂತರ ಬಹುಪಾಲು ಅಳಿಸಿದೆ. ಉಳಿದಿರುವ ಅಂತರ ಕೇಳುವ ಅಭ್ಯಾಸದ್ದು, ಧ್ವನಿ ವ್ಯವಸ್ಥೆಯ ತಿಳಿವಳಿಕೆಯದು. ಅದನ್ನು ಯಾವ ಪೆಡಲೂ ತುಂಬಿಕೊಡುವುದಿಲ್ಲ. ಗಿಟಾರ್ ಹೇಳಿಕೊಡುವವರು ಸ್ವರ, ಕಾರ್ಡ್‌ಗಳ ಜೊತೆಗೆ ಇಕ್ಯೂ, ಗೇನ್, ಡಿಲೇಗಳನ್ನೂ ಕನ್ನಡದಲ್ಲೇ ಪಾಠವಾಗಿ ಹೇಳಿಕೊಡಬೇಕು. ಉತ್ಸವ ಸಮಿತಿಗಳಲ್ಲಿ ಒಂದು ವಿನಂತಿ: ಉದ್ಘಾಟನೆಗೆ ಮುಂಚೆ ವಾದಕರಿಗೆ ಅರ್ಧ ಗಂಟೆ ಸೌಂಡ್ ಚೆಕ್‌ಗೆ ಬಿಟ್ಟುಕೊಡಿ. ವಾದಕರು ಆ ಹೊತ್ತಿನಲ್ಲಿ ಪೂರ್ತಿ ವಾಲ್ಯೂಮಿನಲ್ಲಿ, ವೇದಿಕೆಯಿಂದ ಇಳಿದು ಕೇಳುಗರ ಸಾಲಿನಲ್ಲಿ ನಿಂತು ತಮ್ಮ ಪ್ಯಾಚುಗಳನ್ನು ತಿದ್ದಿಕೊಳ್ಳಲಿ. ಹೊಸ ಪೆಡಲಿಗೆ ದುಡ್ಡು ಹಾಕುವ ಮೊದಲು ಮಾಡಬೇಕಾದ ಕೆಲಸ ಇದು.