ಅರವತ್ತು ವರ್ಷದ ವೈಟುಕೆ

1999ರ ಡಿಸೆಂಬರ್. ಮಧ್ಯರಾತ್ರಿ ವಿಮಾನ ಉದುರ್ತಾವೆ, ಬ್ಯಾಂಕಿನ ದುಡ್ಡು ಮಾಯ ಆಗ್ತದೆ ಅಂತ ಜಗತ್ತು ನಡುಗ್ತಿತ್ತು. ಕಾರಣ ಇಷ್ಟೇ: ಹಳೇ ಪ್ರೋಗ್ರಾಮುಗಳಲ್ಲಿ ಜಾಗ ಉಳಿಸಲು ವರ್ಷಕ್ಕೆ ಎರಡೇ ಅಂಕಿ ಇಟ್ಟಿದ್ದರು. 99 ಮುಗಿದು 00 ಬಂದರೆ ಕಂಪ್ಯೂಟರ್ ಅದನ್ನು 1900 ಅಂದುಕೊಳ್ಳಬಹುದಿತ್ತು. ತಿದ್ದೋ ಕೆಲಸ ಬೆಂಗಳೂರಿಗೂ ಬಂತು, ಕೋಬಾಲ್ ಬಲ್ಲ ಹುಡುಗರು ಅಮೆರಿಕದ ವಿಮಾನ ಹತ್ತಿದರು. ಭಯ ಅವರದು, ಸೈಟು ನಮ್ಮವರದು!

ಗದಗ-ಬೆಟಗೇರಿಯ ದಲಾಲಿ ಅಂಗಡಿಯ ಕೆಂಪು ಖಾತೆ ಪುಸ್ತಕಕ್ಕೆ ಹೊಸ ವರ್ಷ ದೀಪಾವಳಿ ಪಾಡ್ಯಕ್ಕೆ. ಜನವರಿ ಒಂದಕ್ಕೂ ಅದಕ್ಕೂ ಏನ್ರಿ ಸಂಬಂಧ? ಶಿರಹಟ್ಟಿ, ಮುಂಡರಗಿ ಕಡೆ ಕರೆಂಟ್ ಹೋಗೋದಕ್ಕಂತೂ ವೈಟುಕೆ ಬೇಕಾಗಿರಲಿಲ್ಲ.

ಆದರೆ ಜಾಸ್ತಿ ನಗಬೇಡಿ. ಈ ರೋಗ ನಮ್ಮ ಪಂಚಾಂಗದಲ್ಲೇ ಇದೆ. ಸಂವತ್ಸರಗಳು ಅರವತ್ತೇ. 1999ರ ಪ್ರಮಾಥಿ 1939ರಲ್ಲೂ ಬಂದಿತ್ತು, 2059ಕ್ಕೆ ಮತ್ತೆ ಬರ್ತದೆ. ಸಾಲಪತ್ರದಲ್ಲಿ ಸಂವತ್ಸರದ ಹೆಸರಷ್ಟೇ ಇದ್ದರೆ ಸಾಲ ಅಜ್ಜನದೋ ಮೊಮ್ಮಗನದೋ ಹೇಳೋರು ಯಾರು?

ಅದು ಸಾಲದೆಂಬಂತೆ ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯ 1076ರಲ್ಲಿ ಶಕವರ್ಷವನ್ನು ಬದಿಗಿಟ್ಟು ತನ್ನ ಹೆಸರಲ್ಲಿ ಒಂದರಿಂದ ಎಣಿಕೆ ಶುರು ಮಾಡಿದ. ಅಧಿಕೃತ ರೀಸೆಟ್ ಬಟನ್! ನಮ್ಮ ಪುಣ್ಯಕ್ಕೆ, ಗದಗ, ಲಕ್ಷ್ಮೇಶ್ವರದ ಕಡೆ ಶಾಸನ ಕೆತ್ತಿದವರು ಸಾಮಾನ್ಯವಾಗಿ ಆ ಅಂಕಿಯ ಪಕ್ಕ ಸಂವತ್ಸರ, ತಿಥಿ, ವಾರವನ್ನೂ ಕೆತ್ತಿದರು. ಒಂದು ತಪ್ಪಿದರೆ ಇನ್ನೊಂದು ಹಿಡಿದುಕೊಡ್ತದೆ. ಇವತ್ತಿಗೂ ಶಾಸನದ ಕಾಲ ಹೇಳೋರು ತಾಳೆ ಹಾಕೋದು ಹೀಗೇ. ಉಳಿ ಸುತ್ತಿಗೆ ಹಿಡಿದವನು ಜಾಗ ಉಳಿಸಲಿಲ್ಲ, ಕೀಬೋರ್ಡ್ ಹಿಡಿದವನು ಉಳಿಸಿದ.

ಮುಂದಿನ ಗಂಡಾಂತರ 2038ರ ಜನವರಿ 19ಕ್ಕೆ, 32 ಬಿಟ್ಟಿನ ಹಳೇ ಗಡಿಯಾರಗಳಿಗೆ. ನಿಮ್ಮ ಹೋಂ ಲೋನ್ ಆಗಲೂ ಮುಗಿದಿರೋದಿಲ್ಲ.