ತಾಲ್ಲೂಕು ಬೋರ್ಡಿನ ದೀರ್ಘಸೇವೆ

ಸ್ಥಳೀಯ ಮಂಡಳಿಯಲ್ಲಿ ಇಪ್ಪತ್ತು ವರ್ಷ ಸೇವೆ ಸಲ್ಲಿಸಿದರೆಂದು ಒಬ್ಬರನ್ನು ಕೊಂಡಾಡುವಾಗ, ಆ ವರ್ಷಗಳಲ್ಲಿ ಎಷ್ಟನ್ನು ಮತದಾರರು ಕೊಟ್ಟರು, ಎಷ್ಟನ್ನು ಸರ್ಕಾರ ಕೊಟ್ಟಿತು ಎಂದು ಎಣಿಸಿ ನೋಡುವವರು ವಿರಳ. ಗುಬ್ಬಿ, ಕುಣಿಗಲು ತಾಲ್ಲೂಕುಗಳ ಬೋರ್ಡುಗಳ ಚರಿತ್ರೆಯನ್ನು ಅವಲೋಕಿಸುವವರಿಗೆ ಈ ಎಣಿಕೆ ಅನಿವಾರ್ಯ. ತುಮಕೂರು ನಗರದ ಆಡಳಿತ ಆ ಕಾಲದಲ್ಲಿ ಪೌರಸಭೆಗಳ ಕಾನೂನಿಗೆ ಸೇರಿದ್ದಿತು. ಅದರ ಮಾತು ಬೇರೆ.

ಹಳೆಯ ಮೈಸೂರಿನ ಜಿಲ್ಲಾ ಬೋರ್ಡುಗಳ ಸ್ಥಾನದಲ್ಲಿ ತಾಲ್ಲೂಕು ಅಭಿವೃದ್ಧಿ ಮಂಡಳಿಗಳನ್ನು ತಂದದ್ದು 1959ರ ಗ್ರಾಮಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾನೂನು. ಆಗ ಮುಖ್ಯಮಂತ್ರಿಗಳಾಗಿದ್ದವರು ಶ್ರೀ ಬಿ. ಡಿ. ಜತ್ತಿಯವರು. ಮುಂದೆ ಬಸವ ಸಮಿತಿಯನ್ನು ಸ್ಥಾಪಿಸಿ, ಉಪರಾಷ್ಟ್ರಪತಿಗಳೂ ಆದ ಈ ಮಹನೀಯರು ಸಾರ್ವಜನಿಕ ಜೀವನಕ್ಕೆ ಕಾಲಿಟ್ಟದ್ದು ಜಮಖಂಡಿ ಪುರಸಭೆಯ ಸದಸ್ಯರಾಗಿ. ಪುರಸಭೆಯ ಜಗಲಿಯಿಂದ ಮೇಲೇರಿದವರ ಕಾಲದಲ್ಲಿಯೇ ಈ ಕಾನೂನು ಬಂದದ್ದು ಗಮನಾರ್ಹ.

ಆದರೆ ಕಾನೂನಿನ ಆಶಯ ಒಂದು, ಆಚರಣೆ ಇನ್ನೊಂದು. ಮಂಡಳಿಯ ಅವಧಿ ನಾಲ್ಕು ವರ್ಷ. ಚುನಾವಣೆಗಳು ನಡೆದದ್ದು 1960, 1968 ಮತ್ತು 1978ರಲ್ಲಿ. ನಡುವಣ ವರ್ಷಗಳಲ್ಲಿ ಪೀಠದ ಮೇಲೆ ಯಾರೇ ಕುಳಿತಿರಲಿ, ಅವರ ಅಧಿಕಾರಕ್ಕೆ ಹೊಸ ಮತದ ಮುದ್ರೆಯಿರಲಿಲ್ಲ. ಶಾಲೆಯ ಛಾವಣಿ, ಕುಡಿಯುವ ನೀರಿನ ಬಾವಿ, ಊರಿನ ರಸ್ತೆ ಎಂದು ಅರ್ಜಿ ಹಿಡಿದು ಬಂದವನಿಗೆ ಅಧ್ಯಕ್ಷರು ದೊಡ್ಡವರಾಗಿ ಕಂಡರೂ, ಮಂಡಳಿಯ ಕಾರ್ಯನಿರ್ವಾಹಕ ಅಧಿಕಾರಿ ಸರ್ಕಾರದ ನೌಕರ. ಜಿಲ್ಲಾ ಅಭಿವೃದ್ಧಿ ಪರಿಷತ್ತಿನ ಅಧ್ಯಕ್ಷತೆ ಜಿಲ್ಲಾಧಿಕಾರಿಯದು. ದೀರ್ಘಸೇವೆಯಿತ್ತು, ಅಧಿಕಾರ ಅಷ್ಟಾಗಿ ಇರಲಿಲ್ಲ.

ಈ ಕ್ರಮವನ್ನು ತಲೆಕೆಳಗು ಮಾಡಿದ ಶ್ರೇಯಸ್ಸು ಅಬ್ದುಲ್ ನಜೀರ್ ಸಾಬರಿಗೆ ಸಲ್ಲತಕ್ಕದ್ದು. 1983ರ ಶಾಸನದಂತೆ 1987ರಲ್ಲಿ ಚುನಾವಣೆ ನಡೆದು, ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ದೊರೆಯಿತು. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಮಹಿಳೆಯರಿಗೆ ನಾಲ್ಕನೆಯ ಒಂದು ಭಾಗ ಸ್ಥಾನ ಮೀಸಲಾಯಿತು. ಈ ಬೆಳಕು ಐದೇ ವರ್ಷ. 1992ರಲ್ಲಿ ಅವಧಿ ಮುಗಿದೊಡನೆ ಆಡಳಿತಾಧಿಕಾರಿಗಳು ಬಂದರು. 1993ರ ಹೊಸ ಕಾನೂನಿನಡಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆಯಾದದ್ದು 1995ರಲ್ಲಿ.

ಆ ಬಳಿಕ ಹಳೆಯ ಬಗೆಯ ದೀರ್ಘಸೇವೆ ಸುಲಭವಾಗಲಿಲ್ಲ. ಕ್ಷೇತ್ರವೂ ಅಧ್ಯಕ್ಷಸ್ಥಾನವೂ ಸರದಿಯ ಮೀಸಲಾತಿಗೆ ಒಳಪಟ್ಟವು. ಇದರಿಂದ ಅನುಭವಿಗಳಿಗೆ ಅನ್ಯಾಯವಾಯಿತೆಂಬ ಆಕ್ಷೇಪವುಂಟು. ಆದರೆ ಅದುವರೆಗೆ ಬಾಗಿಲ ಹೊರಗೇ ನಿಂತಿದ್ದವರಿಗೆ ಒಳಗೆ ಬರಲು ಬೇರೆ ದಾರಿ ಯಾವುದಿತ್ತು?

ಮುಂದೂಡುವ ಚಾಳಿ ಮಾತ್ರ ಅಳಿಯಲಿಲ್ಲ. 2021ರಲ್ಲಿ ಅವಧಿ ಮುಗಿದ ಮೇಲೆ ಹಲವು ವರ್ಷ ಚುನಾವಣೆ ನಡೆಯದೆ, ತುಮಕೂರು ಜಿಲ್ಲಾ ಪಂಚಾಯಿತಿಯೂ ಗುಬ್ಬಿ, ಕುಣಿಗಲಿನ ತಾಲ್ಲೂಕು ಪಂಚಾಯಿತಿಗಳೂ ಮತ್ತೆ ಆಡಳಿತಾಧಿಕಾರಿಗಳ ಕೈಸೇರಿದವು.