ಮಡಿಕೆ, ತುರಿಕೆ, ಸೋಂಕು: ಬುಲ್‌ಡಾಗ್‌ನ ದೀರ್ಘಕಾಲಿಕ ಚರ್ಮರೋಗದಲ್ಲಿ ಚಿಕಿತ್ಸೆಯ ಕ್ರಮ

ಇಂಗ್ಲಿಷ್ ಬುಲ್‌ಡಾಗ್‌ನ ಚರ್ಮದ ಬೇನೆಗೆ ನಡೆಯುವ ಚಿಕಿತ್ಸೆ ಬಹುತೇಕ ಒಂದೇ ಜಾಡು ಹಿಡಿಯುತ್ತದೆ. ಹೊಟ್ಟೆಯ ಮೇಲೆ ಕೀವುಗುಳ್ಳೆ, ಕಾಲ್ಬೆರಳ ಸಂದಿನಲ್ಲಿ ಊತ, ಮೂಗಿನ ಮೇಲಿನ ಮಡಿಕೆಯಿಂದ ನಾತ. ಮೂರು ವಾರ ಸೆಫಲೆಕ್ಸಿನ್, ಜೊತೆಗೆ ಒಂದಷ್ಟು ದಿನ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್. ನಾಯಿ ಚೇತರಿಸಿಕೊಳ್ಳುತ್ತದೆ, ಮನೆಯವರು ನಿರಾಳರಾಗುತ್ತಾರೆ. ತಿಂಗಳೆರಡು ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ಮತ್ತೆ ಕೀವು. ಆಗ ಇನ್ನೊಂದು ಪ್ರತಿಜೀವಕ, ಇನ್ನಷ್ಟು ದಿನ. ಪ್ರತಿ ಸಲವೂ ಔಷಧ ಕೆಲಸ ಮಾಡಿದಂತೆ ಕಾಣುವುದೇ ಈ ಪದ್ಧತಿ ಬದಲಾಗದೆ ಉಳಿಯಲು ಕಾರಣ. ನನ್ನ ವಾದ ಇಷ್ಟು: ಈ ತಳಿಯಲ್ಲಿ ಸೋಂಕು ರೋಗದ ಆರಂಭವಲ್ಲ, ಅದರ ಕೊನೆಯ ಹಂತ. ಮೊದಲು ದೇಹರಚನೆ ಚರ್ಮವನ್ನು ಸೋಲಿಸುತ್ತದೆ, ಅನೇಕ ನಾಯಿಗಳಲ್ಲಿ ಅದರ ಜೊತೆಗೆ ಅಲರ್ಜಿ ಸೇರುತ್ತದೆ, ಸೂಕ್ಷ್ಮಜೀವಿಗಳು ಬರುವುದು ಆ ಮೇಲೆ. ಚಿಕಿತ್ಸೆಯ ಗಮನವೆಲ್ಲ ಮೂರನೆಯದರ ಮೇಲೆ ಬಿದ್ದಿರುವವರೆಗೆ ಮರುಕಳಿಕೆಯನ್ನು ದುರದೃಷ್ಟ ಎನ್ನಲು ಬರುವುದಿಲ್ಲ. ಅದು ನಿರೀಕ್ಷಿತ ಫಲಿತಾಂಶ.

ಮೊದಲ ಸಾಕ್ಷ್ಯ ಬ್ರಿಟನ್ನಿನದು. ಅಲ್ಲಿನ ಸಾಮಾನ್ಯ ಪಶುಚಿಕಿತ್ಸಾಲಯಗಳ ದಾಖಲೆಗಳನ್ನು ಒಟ್ಟುಗೂಡಿಸುವ ವೆಟ್‌ಕಂಪಸ್ ಯೋಜನೆಯನ್ನು ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜು ನಡೆಸುತ್ತದೆ. 2013ರಲ್ಲಿ ಚಿಕಿತ್ಸಾಲಯಗಳಿಗೆ ಬಂದ ಬುಲ್‌ಡಾಗ್‌ಗಳ ಪೈಕಿ 1,621ರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನದಲ್ಲಿ, ಹೆಚ್ಚಾಗಿ ದಾಖಲಾದ ಕಾಯಿಲೆಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಹೊರಗಿವಿಯ ಉರಿಯೂತಕ್ಕೆ (ಶೇ. 12.7), ಎರಡನೆಯದು ಚರ್ಮದ ಕೀವುರೋಗಕ್ಕೆ (ಶೇ. 8.8). ಮಡಿಕೆಯ ಚರ್ಮದ ಉರಿಯೂತವೂ ಪಟ್ಟಿಯ ಮೇಲುಭಾಗದಲ್ಲೇ ಇತ್ತು. 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ 2,662 ಬುಲ್‌ಡಾಗ್‌ಗಳನ್ನು ಉಳಿದ 22,039 ನಾಯಿಗಳೊಂದಿಗೆ ಹೋಲಿಸಿತು. ಯಾವುದಾದರೊಂದು ಕಾಯಿಲೆ ದಾಖಲಾಗುವ ಸಂಭವ ಬುಲ್‌ಡಾಗ್‌ಗಳಲ್ಲಿ ಸುಮಾರು ಎರಡು ಪಟ್ಟು ಹೆಚ್ಚು. ಮಡಿಕೆಯ ಉರಿಯೂತದ ಸಂಭವ ಮಾತ್ರ ಸುಮಾರು 38 ಪಟ್ಟು. (ಇವು ಸಂಖ್ಯಾಶಾಸ್ತ್ರಜ್ಞರು ಆಡ್ಸ್ ಅನುಪಾತ ಎನ್ನುವ ಅಳತೆಗಳು, ಬುಲ್‌ಡಾಗ್‌ಗೆ ಅಷ್ಟು ಪಟ್ಟು ಅಪಾಯವಿದೆ ಎಂದು ನೇರವಾಗಿ ಓದಬಾರದು.) ಎರಡಕ್ಕೂ 38ಕ್ಕೂ ನಡುವಿನ ಅಂತರವೇ ಇಲ್ಲಿ ಮುಖ್ಯ. ಬುಲ್‌ಡಾಗ್ ಒಟ್ಟಾರೆ ದುರ್ಬಲ ನಾಯಿ ಎಂಬುದಷ್ಟನ್ನೇ ಈ ಅಂಕಿಗಳು ಹೇಳುತ್ತಿಲ್ಲ. ಮನುಷ್ಯ ಆಯ್ದು ಬೆಳೆಸಿದ ಆಕಾರ ಎಲ್ಲಿ ಚರ್ಮದ ಮೇಲೆ ಚರ್ಮವನ್ನು ಕೂರಿಸಿದೆಯೋ ಅಲ್ಲಿಯೇ ಹೊರೆ ಅತಿ ಹೆಚ್ಚಾಗಿದೆ ಎಂಬುದನ್ನೂ ತೋರಿಸುತ್ತಿವೆ.

ಹೀಗಾಗಲು ಕಾರಣ ಸರಳ. ಮೂಗು ಮೋಟಾಗುತ್ತ ಹೋದಷ್ಟು ಮೂಳೆ ಕುಗ್ಗಿತು, ಚರ್ಮ ಅದೇ ಪ್ರಮಾಣದಲ್ಲಿ ಕುಗ್ಗಲಿಲ್ಲ. ಹೆಚ್ಚುವರಿ ಚರ್ಮ ಮಡಿಕೆಯಾಯಿತು. ಕಣ್ಣೀರು, ಜೊಲ್ಲು, ಚರ್ಮದ ಜಿಡ್ಡು ಆ ಸಂದಿನಲ್ಲಿ ನಿಲ್ಲುತ್ತವೆ. ಗಾಳಿಯಾಡದೆ ತೇವ ಆರುವುದಿಲ್ಲ. ಎರಡು ಮೈಗಳು ಒಂದಕ್ಕೊಂದು ಉಜ್ಜಿ ಹೊರಪದರ ನೆನೆದು ಸುಲಿಯುತ್ತದೆ. ಬಾಲದ ಕಥೆಯೂ ಇದೇ. ಬುಲ್‌ಡಾಗ್‌ನ ತಿರುಚಿದ ಮೋಟುಬಾಲದ ಹಿಂದೆ ಡಿವಿಎಲ್2 ಎಂಬ ವಂಶವಾಹಿಯ ಒಂದು ರೂಪಾಂತರವಿದೆ ಎಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ತಂಡ 2018ರಲ್ಲಿ ತೋರಿಸಿತು. ಬಾಲದ ಬುಡದಲ್ಲಿ ಒಳಕ್ಕೆ ಇಳಿದ ಗುಂಡಿಯನ್ನು ನಾಯಿ ತಾನೇ ನೆಕ್ಕಿ ಶುಚಿ ಮಾಡಿಕೊಳ್ಳಲಾರದು, ಮನೆಯವರಿಗೆ ಅದು ಇದೆ ಎಂಬುದೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಪಾದದ ವಿಚಾರ ಸ್ವಲ್ಪ ಬೇರೆ. ಭಾರವಾದ ಮೈಯನ್ನು ಅಗಲಿಸಿದ ಬೆರಳುಗಳ ಮೇಲೆ ಹೊರುವ ನಾಯಿಯಲ್ಲಿ ಬೆರಳ ಸಂದಿನ ಮೋಟು ಒರಟು ಕೂದಲು ಹಿಂದಕ್ಕೆ ಒತ್ತಲ್ಪಟ್ಟು ತನ್ನ ಕೂಪದೊಳಗೇ ಮುರಿಯುತ್ತದೆ. ಕೂಪ ಒಡೆದಾಗ ಕೂದಲಿನ ಕೆರಟಿನ್ ಒಳಚರ್ಮಕ್ಕೆ ಸೇರುತ್ತದೆ, ದೇಹ ಅದನ್ನು ಹೊರವಸ್ತುವೆಂದು ತಿಳಿದು ಊದಿಕೊಳ್ಳುತ್ತದೆ. ಇಂಥ ಗಂಟುಗಳಲ್ಲಿ ಕೆಲವು ಆರಂಭದಲ್ಲಿ ಕ್ರಿಮಿರಹಿತವಾಗಿಯೇ ಇರುತ್ತವೆ. ಅವಕ್ಕೆ ತಿಂಗಳುಗಟ್ಟಲೆ ಪ್ರತಿಜೀವಕ ಕೊಟ್ಟರೆ ಮುರಿದ ಕೂದಲು ಹೊರಬರುವುದಿಲ್ಲ.

ಇಲ್ಲಿ ಬರುವ ಮೊದಲ ಆಕ್ಷೇಪ ಹಗುರವಾದುದಲ್ಲ. ಅಲರ್ಜಿಯಿಂದ ಬರುವ ಅಟೋಪಿಕ್ ಚರ್ಮರೋಗ ಮಡಿಕೆಯೇ ಇಲ್ಲದ ಲ್ಯಾಬ್ರಡಾರ್‌ಗೂ ಬರುತ್ತದೆ, ಮಿಶ್ರತಳಿಯ ನಾಯಿಗಳಿಗೂ ಬರುತ್ತದೆ. ಹಾಗಿದ್ದರೆ ಆಕಾರವನ್ನು ಮುಂದಿಟ್ಟು ಅಲರ್ಜಿಯನ್ನು ಹಿಂದಕ್ಕೆ ಸರಿಸುವುದು ತಪ್ಪಲ್ಲವೇ? ಅಲರ್ಜಿ ನಿಜ ಎಂಬುದರಲ್ಲಿ ಅನುಮಾನವಿಲ್ಲ. ಮನೆಧೂಳಿನ ನುಸಿ, ಪರಾಗ, ಆಹಾರದ ಪ್ರೋಟೀನ್‌ಗಳಿಗೆ ಪ್ರತಿಕ್ರಿಯಿಸುವ ಬುಲ್‌ಡಾಗ್‌ಗಳು ಬೇಕಾದಷ್ಟಿವೆ. ಆದರೆ ಅದನ್ನು ಗುರುತಿಸುವ ಸಾಧನಗಳು ಈ ತಳಿಯಲ್ಲಿ ಮೊಂಡಾಗುತ್ತವೆ. 2010ರಲ್ಲಿ ಫಾವ್ರೊ ಮತ್ತು ಸಹೋದ್ಯೋಗಿಗಳು ಕೊಟ್ಟ ಎಂಟು ಲಕ್ಷಣಗಳ ಪಟ್ಟಿಯನ್ನೇ ತೆಗೆದುಕೊಳ್ಳಿ. ಮೂರು ವರ್ಷದೊಳಗೆ ಆರಂಭ, ಹೆಚ್ಚಾಗಿ ಮನೆಯೊಳಗೇ ವಾಸ, ಸ್ಟೀರಾಯ್ಡ್‌ಗೆ ಬಗ್ಗುವ ತುರಿಕೆ, ಮರುಕಳಿಸುವ ಯೀಸ್ಟ್ ಸೋಂಕು, ಮುಂಗಾಲ ಪಾದಗಳಲ್ಲಿ ರೋಗ, ಕಿವಿಯ ಹಾಲೆಯಲ್ಲಿ ರೋಗ, ಕಿವಿಯಂಚು ಮತ್ತು ಸೊಂಟದ ಮೇಲ್ಭಾಗ ಆರೋಗ್ಯವಾಗಿರುವುದು. ಇವುಗಳಲ್ಲಿ ಐದು ಸೇರಿದರೆ ಪಟ್ಟಿಯ ಸಂವೇದನೆ (ರೋಗವಿರುವುದನ್ನು ಹಿಡಿಯುವ ಪ್ರಮಾಣ) ಸುಮಾರು ಶೇ. 85, ನಿರ್ದಿಷ್ಟತೆ (ರೋಗವಿಲ್ಲದ್ದನ್ನು ಸರಿಯಾಗಿ ಬಿಡುವ ಪ್ರಮಾಣ) ಶೇ. 79. ಆದರೆ ನಗರದ ಬುಲ್‌ಡಾಗ್ ಮನೆಯೊಳಗೇ ಬೆಳೆಯುತ್ತದೆ, ಏಕೆಂದರೆ ಬಿಸಿಲಿನಲ್ಲಿ ಅದು ಉಸಿರಾಡಲಾರದು. ಅದರ ಪಾದ ಕೆಡುವುದು ನಡಿಗೆಯ ಭಾರದಿಂದ, ಯೀಸ್ಟ್ ಮರಳುವುದು ಮಡಿಕೆಯ ತೇವದಿಂದ. ಅಲರ್ಜಿಯಿಲ್ಲದೆಯೂ ಅದು ಮೂರು ನಾಲ್ಕು ಅಂಕ ಗಳಿಸಿಬಿಡಬಲ್ಲದು. ಎಲ್ಲ ತಳಿಗಳಿಗೆ ಒಪ್ಪುವ ಪಟ್ಟಿಯನ್ನು ಬುಲ್‌ಡಾಗ್‌ಗೆ ಹಾಗೇ ಅನ್ವಯಿಸಿದರೆ ಅಲರ್ಜಿ ಅತಿಯಾಗಿ ಪತ್ತೆಯಾಗುವ ಸಂಭವವಿದೆ ಎಂಬುದು ನನ್ನ ಅನುಮಾನ. ಆದ್ದರಿಂದ ಪರಾವಲಂಬಿಗಳನ್ನು ತಳ್ಳಿಹಾಕಿ, ಮಡಿಕೆಗಳನ್ನು ಒಣಗಿಸಿ, ಸೋಂಕನ್ನು ಇಳಿಸಿದ ಮೇಲೂ ಉಳಿಯುವ ತುರಿಕೆಯನ್ನಷ್ಟೇ ಅಲರ್ಜಿಯ ಲೆಕ್ಕಕ್ಕೆ ಹಾಕಬೇಕು. ರಕ್ತದ ಅಲರ್ಜಿ ಪರೀಕ್ಷೆ ಈ ತೀರ್ಮಾನಕ್ಕೆ ಬದಲಿಯಲ್ಲ. ಇಮ್ಯುನೋಥೆರಪಿಯ ಚುಚ್ಚುಮದ್ದಿಗೆ ಯಾವ ಅಲರ್ಜನಕ ಸೇರಿಸಬೇಕೆಂದು ಆರಿಸಲು ಮಾತ್ರ ಅದರ ಉಪಯೋಗ.

ಸೂಕ್ಷ್ಮಜೀವಿಗಳ ಕಡೆಗೆ ಬಂದರೆ ಅಲ್ಲಿಯೂ ಕಾಣುವುದು ಹೊರಗಿನಿಂದ ದಾಳಿಯಿಟ್ಟ ಶತ್ರುವಲ್ಲ. ಸ್ಟ್ಯಾಫಿಲೋಕಾಕಸ್ ಸ್ಯೂಡಿಂಟರ್‌ಮೀಡಿಯಸ್ ಬ್ಯಾಕ್ಟೀರಿಯಾ ಆರೋಗ್ಯವಂತ ನಾಯಿಯ ಮೂಗು, ಬಾಯಿ, ಗುದದ ಸುತ್ತ ವಾಸಿಸುವಂಥದೇ. ಮಲಸೇಜಿಯಾ ಯೀಸ್ಟ್ ಕೂಡ ಹಾಗೇ. ತಡೆಗೋಡೆ ಕುಸಿದಾಗ ಇವು ಮಿತಿಮೀರಿ ಬೆಳೆಯುತ್ತವೆ. ನಾಯಿಯ ಮೈಯ ಈ ನಿವಾಸಿಗಳನ್ನು ಪದೇ ಪದೇ ಗುಳಿಗೆಯಿಂದ ಹೊಡೆದರೆ ನಿರ್ಮೂಲವಾಗುವುದಿಲ್ಲ, ಗಟ್ಟಿಗರು ಉಳಿಯುತ್ತಾರೆ. ಮೆಕ್‌ಎ ವಂಶವಾಹಿಯನ್ನು ಹೊತ್ತ ಮೆಥಿಸಿಲಿನ್ ನಿರೋಧಕ ತಳಿಗಳ ಮುಂದೆ ಸೆಫಲೆಕ್ಸಿನ್, ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಎರಡೂ ನಿರುಪಯೋಗಿ. ಹಾಗಾಗಿ ಗಾಜಿನ ಸ್ಲೈಡ್ ಅಥವಾ ಅಂಟುಪಟ್ಟಿಯ ಮೇಲೆ ಮಾದರಿ ತೆಗೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವ ಹತ್ತು ನಿಮಿಷದ ಕೆಲಸವನ್ನು ಐಚ್ಛಿಕ ಎನ್ನುವಂತಿಲ್ಲ. ಬಿಳಿರಕ್ತಕಣದ ಒಳಗೆ ಕಾಕೈ (ದುಂಡನೆಯ ಬ್ಯಾಕ್ಟೀರಿಯಾ) ಕಂಡರೆ ಅದು ಸೋಂಕು. ಯೀಸ್ಟ್ ಮಾತ್ರ ಕಂಡರೆ ಪ್ರತಿಜೀವಕಕ್ಕೆ ಅಲ್ಲಿ ಕೆಲಸವಿಲ್ಲ. ಎರಡೂ ಕಾಣದಿದ್ದರೆ ಕೆಂಪಾಗಿರುವುದು ಉಜ್ಜಾಟದಿಂದಲೋ ಅಲರ್ಜಿಯಿಂದಲೋ ಎಂದು ಹುಡುಕಬೇಕು. ಮೇಲ್ಪದರದ ಸೋಂಕಿಗೆ ಹೊರಲೇಪನವೇ ಸಾಕಾಗುತ್ತದೆ ಎಂಬುದಕ್ಕೂ ಆಧಾರವಿದೆ. ಶೇ. 4ರ ಕ್ಲೋರ್‌ಹೆಕ್ಸಿಡಿನ್ ಶಾಂಪೂ ಮತ್ತು ದ್ರಾವಣವನ್ನು ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಗುಳಿಗೆಯೊಂದಿಗೆ ಹೋಲಿಸಿದ, 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡರ ಫಲಿತಾಂಶ ಸರಿಸಮವಾಗಿತ್ತು. ಅಂತರರಾಷ್ಟ್ರೀಯ ಮಾರ್ಗಸೂಚಿಗಳೂ ಈಗ ಇದೇ ದಿಕ್ಕಿಗೆ ತಿರುಗಿವೆ. ಆಳದ ಕೀವುರೋಗಕ್ಕೆ ಗುಳಿಗೆ ಬೇಕಾಗುತ್ತದೆ, ಅದೂ ಕಲ್ಚರ್ ಪರೀಕ್ಷೆಯ ಆಧಾರದ ಮೇಲೆ.

ಶಾಂಪೂ ಹಚ್ಚಿ ಹತ್ತು ನಿಮಿಷ ನಾಯಿಯನ್ನು ಹಿಡಿದು ನಿಲ್ಲಿಸುವ ವ್ಯವಧಾನ ಯಾರಿಗಿದೆ, ಗುಳಿಗೆಯಾದರೆ ಅನ್ನದಲ್ಲಿ ಕಲಸಿ ಕೊಡಬಹುದು ಎಂಬುದು ಚಿಕಿತ್ಸಾಲಯಗಳಲ್ಲಿ ಕೇಳಿಬರುವ ಮಾತು. ಇದರಲ್ಲಿ ಹುರುಳಿಲ್ಲದಿಲ್ಲ. ಆದರೆ ಈ ಲೆಕ್ಕ ಒಂದು ಕಂತಿನ ಶ್ರಮವನ್ನಷ್ಟೇ ಎಣಿಸುತ್ತದೆ. ಬುಲ್‌ಡಾಗ್ ಸಾಕುವವರ ಆಯ್ಕೆ ದಿನಕ್ಕೆ ಕೆಲವು ನಿಮಿಷದ ಆರೈಕೆ ಅಥವಾ ವರ್ಷಕ್ಕೆ ಹಲವು ಕಂತಿನ ರೋಗ, ಇವೆರಡರ ನಡುವಿನದು. ಮಡಿಕೆಯನ್ನು ಬಿಡಿಸಿ, ಕ್ಲೋರ್‌ಹೆಕ್ಸಿಡಿನ್ ಪಟ್ಟಿಯಿಂದ ಕಣ್ಣಿಗೆ ತಾಗದಂತೆ ಒರೆಸಿ, ಒಣ ಬಟ್ಟೆಯಿಂದ ತೇವ ಹೀರಿಸುವುದು ಹಲ್ಲುಜ್ಜುವಷ್ಟೇ ನಿತ್ಯದ ಕೆಲಸವಾಗಬೇಕು. ಗಾಯ ಮಾಯ್ದ ಮೇಲೂ ಅದು ನಿಲ್ಲಬಾರದು. ಎಣ್ಣೆ, ಮುಲಾಮು, ಅರಿಸಿನದ ಲೇಪ ಏನೇ ಇರಲಿ, ಸಂದಿನಲ್ಲಿ ಜಿಡ್ಡಾಗಿ ಕೂತು ತೇವ ಹಿಡಿದಿಡುವುದಾದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ದೇಹತೂಕ ಇಳಿದರೆ ಮಡಿಕೆಯ ಆಳವೂ ಪಾದದ ಹೊರೆಯೂ ಇಳಿಯುತ್ತವೆ. ಇಷ್ಟು ಅಗ್ಗದ ಚಿಕಿತ್ಸೆ ಇನ್ನೊಂದಿಲ್ಲ, ಇಷ್ಟು ಅಪರೂಪಕ್ಕೆ ಪಾಲನೆಯಾಗುವುದೂ ಇನ್ನೊಂದಿಲ್ಲ.

ಹೊಸ ಔಷಧಗಳು ಬಂದ ಮೇಲೆ ಈ ಕ್ರಮದ ಚರ್ಚೆಯೇ ಹಳತಾಯಿತು ಎನ್ನುವವರಿದ್ದಾರೆ. ಅಮೆರಿಕದಲ್ಲಿ 2013ರಲ್ಲಿ ಮಂಜೂರಾದ ಒಕ್ಲಾಸಿಟಿನಿಬ್ ಮತ್ತು ಇಂಟರ್‌ಲ್ಯೂಕಿನ್-31ನ್ನು ಕಟ್ಟಿಹಾಕುವ ಲೋಕಿವೆಟ್‌ಮ್ಯಾಬ್ ಚುಚ್ಚುಮದ್ದು ತುರಿಕೆಯನ್ನು ಬೇಗ ತಗ್ಗಿಸುತ್ತವೆ. ದೀರ್ಘಕಾಲ ಸ್ಟೀರಾಯ್ಡ್ ನುಂಗುವ ಕಷ್ಟದಿಂದ ಎಷ್ಟೋ ನಾಯಿಗಳನ್ನು ಅವು ಪಾರುಮಾಡಿವೆ. ಆದರೂ ಮಡಿಕೆಯ ಉಜ್ಜಾಟವನ್ನು ಅವು ನಿಲ್ಲಿಸಲಾರವು. ಒಕ್ಲಾಸಿಟಿನಿಬ್ ಹನ್ನೆರಡು ತಿಂಗಳೊಳಗಿನ ಮರಿಗಳಿಗೂ ಗಂಭೀರ ಸೋಂಕಿರುವ ನಾಯಿಗಳಿಗೂ ಸಲ್ಲದು, ಡೆಮೊಡೆಕ್ಸ್ ನುಸಿಯನ್ನು ಕೆರಳಿಸಬಹುದು. ಎಳೆಯ ಬುಲ್‌ಡಾಗ್‌ಗಳು ಆ ನುಸಿರೋಗಕ್ಕೆ ಹೆಚ್ಚು ಈಡಾಗುವುದರಿಂದ ಚರ್ಮವನ್ನು ಕೆರೆದು ಪರೀಕ್ಷಿಸದೆ ಈ ಗುಳಿಗೆ ಆರಂಭಿಸುವುದು ಸರಿಯಲ್ಲ. ಆಹಾರದ ವಿಷಯದಲ್ಲಿ ಜನಪ್ರಿಯ ನಂಬಿಕೆ ಧಾನ್ಯದ ಮೇಲೆ ದೂರು ಹೊರಿಸುತ್ತದೆ. ಪ್ರಕಟಿತ ಪ್ರಕರಣಗಳನ್ನು ಕ್ರೋಡೀಕರಿಸಿದ 2016ರ ವಿಮರ್ಶೆಯಲ್ಲಿ ಮೊದಲು ಬಂದದ್ದು ದನದ ಮಾಂಸ, ಆಮೇಲೆ ಹಾಲಿನ ಪದಾರ್ಥ, ಕೋಳಿ. ಗೋಧಿ ಅವುಗಳ ಹಿಂದೆ. ಆಹಾರ ಕಾರಣವೇ ಎಂದು ತಿಳಿಯಲು ಎಂಟು ವಾರ ಕಟ್ಟುನಿಟ್ಟಿನ ಪಥ್ಯ, ಬಳಿಕ ಹಳೆಯ ಆಹಾರ ಕೊಟ್ಟು ನೋಡುವುದು ಬಿಟ್ಟರೆ ಬೇರೆ ನಂಬಲರ್ಹ ದಾರಿಯಿಲ್ಲ.

ಬ್ರಿಟನ್ನಿನ ಅಂಕಿಅಂಶ ನಮಗೆ ಒಪ್ಪುತ್ತದೆಯೇ ಎಂದು ಕೇಳಬಹುದು. ಬೆಂಗಳೂರಿನ ಫ್ಲಾಟುಗಳಲ್ಲಿ, ಮಂಗಳೂರಿನ ಮಳೆಗಾಲದಲ್ಲಿ ಬದುಕುವ ಬುಲ್‌ಡಾಗ್‌ಗೆ ಪರಿಸ್ಥಿತಿ ಇನ್ನೂ ಪ್ರತಿಕೂಲ. ಚಳಿಗಾಲದ ಬಿಡುವಿಲ್ಲದೆ ಚಿಗಟ ವರ್ಷವಿಡೀ ಇರುತ್ತದೆ, ಕರಾವಳಿಯ ತೇವ ಧೂಳಿನ ನುಸಿಗೂ ಯೀಸ್ಟ್‌ಗೂ ಅನುಕೂಲ. ತಂಪು ದೇಶಗಳ ವೈದ್ಯರು ಋತು ನೋಡಿ ಪರಾಗದ ಅಲರ್ಜಿಯನ್ನು ಊಹಿಸುತ್ತಾರೆ. ಇಲ್ಲಿ ಆ ಸುಳಿವು ಅಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ. ಪ್ರತಿಜೀವಕ, ಸ್ಟೀರಾಯ್ಡ್, ಶಿಲೀಂಧ್ರನಾಶಕ ಮೂರನ್ನೂ ಬೆರೆಸಿದ ಮುಲಾಮು ಔಷಧದಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ, ಮೂರು ರೋಗಗಳ ಚಿಹ್ನೆಯನ್ನೂ ಒಟ್ಟಿಗೇ ಅಳಿಸಿಹಾಕುತ್ತದೆ. ನಮ್ಮಲ್ಲಿ ತಳಿಯ ಮಾತು ಬಂದಾಗ, 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ, ಮರುತಿಂಗಳೇ ಕರ್ನಾಟಕ ಹೈಕೋರ್ಟ್ ರದ್ದುಗೊಳಿಸಿದ ಉಗ್ರ ತಳಿಗಳ ಸುತ್ತೋಲೆ ನೆನಪಾಗುತ್ತದೆ. ಅದರಲ್ಲಿದ್ದ ಅಮೆರಿಕನ್ ಬುಲ್‌ಡಾಗ್ ಬೇರೆಯೇ ತಳಿ. ತಳಿ ಮನುಷ್ಯನಿಗೆ ಏನು ಮಾಡೀತು ಎಂಬುದು ನಮ್ಮಲ್ಲಿ ನ್ಯಾಯಾಲಯದವರೆಗೆ ಹೋಯಿತು. ಮನುಷ್ಯ ತಳಿಗೆ ಏನು ಮಾಡಿದ ಎಂಬುದಕ್ಕೆ ಅಷ್ಟು ಗಮನ ಸಿಕ್ಕಿಲ್ಲ.

ಕೊನೆಯ ಆಕ್ಷೇಪ ವ್ಯಾವಹಾರಿಕವಾದುದು: ದೇಹರಚನೆಯನ್ನು ದೂರಿ ಎದುರಿಗಿರುವ ನಾಯಿಗೆ ಏನು ಪ್ರಯೋಜನ? ಪ್ರಯೋಜನವಿದೆ. ಬಾಲದ ಗುಂಡಿ ಶುಚಿತ್ವಕ್ಕೆ ಬಗ್ಗದಿದ್ದರೆ ಬಾಲ ತೆಗೆಯುವ ಶಸ್ತ್ರಚಿಕಿತ್ಸೆ, ಮೂಗಿನ ಮಡಿಕೆ ಕಣ್ಣಿನ ಪಾರದರ್ಶಕ ಪಟಲವನ್ನು ಉಜ್ಜುತ್ತಿದ್ದರೆ ಮಡಿಕೆ ತೆಗೆಯುವುದು, ಇವು ಸೋಂಕಿನ ನೆಲೆಯನ್ನೇ ಇಲ್ಲವಾಗಿಸುತ್ತವೆ. ಮೋಟುಮೂಗಿನ ನಾಯಿಗೆ ಅರಿವಳಿಕೆ ಅಪಾಯಕಾರಿ ಎಂಬುದು ನಿಜ. ಆದರೆ ಆ ಅಪಾಯವನ್ನು ವರ್ಷಗಟ್ಟಲೆಯ ಪ್ರತಿಜೀವಕ ಮತ್ತು ನೋವಿನ ಪಕ್ಕದಲ್ಲಿಟ್ಟು ತೂಗಬೇಕು. ಮುಂದಿನ ಪೀಳಿಗೆಯ ಪ್ರಶ್ನೆ ಇದಕ್ಕಿಂತ ಜಟಿಲ. ಬ್ರಿಟನ್ನಿನ ಕೆನಲ್ ಕ್ಲಬ್ 2009ರಲ್ಲಿ ತಳಿಯ ಮಾನದಂಡವನ್ನು ತಿದ್ದಿ, ಮೂಗಿನ ಮಡಿಕೆ ಕಣ್ಣಿಗೂ ಮೂಗಿಗೂ ತೊಂದರೆ ಕೊಡಬಾರದು, ಬಾಲವಿಲ್ಲದಿರುವುದೂ ಒಳಕ್ಕೆ ತಿರುಗಿರುವುದೂ ಅಪೇಕ್ಷಣೀಯವಲ್ಲ ಎಂದಿತು. ಆದರೆ 102 ಬುಲ್‌ಡಾಗ್‌ಗಳ ಡಿಎನ್‌ಎ ಆಧರಿಸಿ ಡೇವಿಸ್‌ನ ಪೀಡರ್ಸನ್ ತಂಡ 2016ರಲ್ಲಿ ತಳಿಯ ವಂಶವಾಹಿ ವೈವಿಧ್ಯ ತೀರ ಕುಗ್ಗಿರುವುದನ್ನು ತೋರಿಸಿತು, ಡಿವಿಎಲ್2 ರೂಪಾಂತರವೂ ತಳಿಯಲ್ಲಿ ಬದಲಿಯಿಲ್ಲದಷ್ಟು ನೆಲೆಯೂರಿದೆ. ಒಳಗೇ ಆಯ್ಕೆ ಮಾಡುತ್ತ ಹೋದರೆ ನೇರ ಬಾಲ ಸಿಗುವುದು ಕಷ್ಟ, ಹೊರತಳಿಯ ರಕ್ತ ಬೇಕು. ಇದಕ್ಕೆ ಪೂರ್ವನಿದರ್ಶನವಿದೆ. ಯೂರಿಕ್ ಆಮ್ಲದ ದೋಷವಿದ್ದ ಡಾಲ್ಮೇಷಿಯನ್ ತಳಿಗೆ 1973ರಲ್ಲಿ ಅಮೆರಿಕದ ರಾಬರ್ಟ್ ಶೈಬಲ್ ಒಂದು ಪಾಯಿಂಟರ್ ನಾಯಿಯನ್ನು ಕೂಡಿಸಿದರು. ಹಲವು ಪೀಳಿಗೆಗಳ ಬಳಿಕ ಹುಟ್ಟಿದ ಮರಿಗಳು ನೋಡಲು ಡಾಲ್ಮೇಷಿಯನ್‌ಗಳೇ, ದೋಷ ಮಾತ್ರ ಇರಲಿಲ್ಲ. ದಶಕಗಳ ವಿರೋಧದ ನಂತರ ಕೆನಲ್ ಸಂಸ್ಥೆಗಳು ಅವನ್ನು ಒಪ್ಪಿಕೊಂಡವು. ಬುಲ್‌ಡಾಗ್‌ನಲ್ಲಿ ಆ ಸೌಲಭ್ಯವಿಲ್ಲ. ಡಾಲ್ಮೇಷಿಯನ್‌ನ ದೋಷ ಕಣ್ಣಿಗೆ ಕಾಣುತ್ತಿರಲಿಲ್ಲ, ಹಾಗಾಗಿ ಅದು ಹೋದರೂ ಪ್ರದರ್ಶನದ ಅಂಗಳದಲ್ಲಿ ಯಾರೂ ಏನನ್ನೂ ಕಳೆದುಕೊಳ್ಳಲಿಲ್ಲ. ಇಲ್ಲಿ ತೆಗೆಯಬೇಕಾಗಿರುವುದು ಕೊಳ್ಳುವವರು ನೋಡಿ ಮೆಚ್ಚುವ ಮುಖವನ್ನೇ.